ಹೊರಗೆ ಮಸಾಲೆ ಹಿಡಿದು ಗರಿಗರಿಯಾಗಿರುವ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ತವಾದಲ್ಲಿ ಮಾಡುವುದು ಹೇಗೆ?

ನಿಮ್ಮ ತೊಂದರೆ ಇದು: ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಓರೆಗಾನೊ, ಚಿಲ್ಲಿ ಫ್ಲೇಕ್ಸ್ ಉದುರಿಸಿ ತವಾ ಮೇಲಿಟ್ಟರೆ ಅರ್ಧ ಮಸಾಲೆ ತವಾಕ್ಕೇ ಅಂಟಿ ಸೀದುಹೋಗುತ್ತದೆ, ಬ್ರೆಡ್ ಕಪ್ಪಾಗುತ್ತದೆ, ಒಳಗಿನ ಚೀಸ್ ಮಾತ್ರ ಕರಗುವುದಿಲ್ಲ. ಇಷ್ಟಕ್ಕೂ ಕಾರಣ ಎರಡೇ. ಮಸಾಲೆಯನ್ನು ಬೆಣ್ಣೆಗೆ ಕಲಸಿಲ್ಲ, ಉರಿ ಜಾಸ್ತಿಯಾಗಿದೆ.

ಮೇಲೆ ಉದುರಿಸಿದ ಮಸಾಲೆಗೂ ಕಾದ ತವಾಕ್ಕೂ ನಡುವೆ ಏನೂ ಇರುವುದಿಲ್ಲ. ಒಣಗಿದ ಓರೆಗಾನೊ ಎಲೆಯಲ್ಲಿ ನೀರಿನಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ನೇರ ತಗುಲಿದರೆ ನೋಡನೋಡುತ್ತಿದ್ದಂತೆ ಕರಕಲಾಗುತ್ತದೆ. ಅದೇ ಎಲೆ ಬೆಣ್ಣೆಯಲ್ಲಿ ಮುಳುಗಿದ್ದರೆ ಒಗ್ಗರಣೆಯಲ್ಲಿ ಆಗುವ ಹಾಗೆ ಹದವಾಗಿ ಹುರಿದುಕೊಂಡು ಪರಿಮಳವನ್ನು ಜಿಡ್ಡಿಗೆ ಬಿಡುತ್ತದೆ. ಮೆಣಸಿನಕಾಯಿಯ ಬಣ್ಣವೂ ಖಾರವೂ ಜಿಡ್ಡಿನಲ್ಲೇ ಬಿಟ್ಟುಕೊಳ್ಳುವಂಥವು. ಆದ್ದರಿಂದ ಮೊದಲು ಮಸಾಲೆ ಬೆಣ್ಣೆ ಕಲಸಿಟ್ಟುಕೊಳ್ಳಿ.

ಎರಡು ಸ್ಯಾಂಡ್‌ವಿಚ್‌ಗೆ, ಅಂದರೆ ನಾಲ್ಕು ಸ್ಲೈಸಿಗೆ, ಉಪ್ಪು ಬೆಣ್ಣೆ 40 ಗ್ರಾಂ, ಬೆಳ್ಳುಳ್ಳಿ ಪುಡಿ ಅರ್ಧ ಟೀ ಚಮಚ, ಅಂಗೈಯಲ್ಲಿ ಉಜ್ಜಿ ಪುಡಿ ಮಾಡಿದ ಓರೆಗಾನೊ ಒಂದು ಟೀ ಚಮಚ, ತರಿತರಿಯಾಗಿ ಕುಟ್ಟಿದ ಕಾಳುಮೆಣಸು ಕಾಲು ಚಮಚ, ಬ್ಯಾಡಗಿ ಮೆಣಸಿನಕಾಯಿ ಪುಡಿ ಕಾಲು ಚಮಚ. ಚಿಲ್ಲಿ ಫ್ಲೇಕ್ಸ್ ಬದಲು ಬ್ಯಾಡಗಿ ಪುಡಿ ಹೇಳಿದ್ದಕ್ಕೆ ಕಾರಣವಿದೆ. ಫ್ಲೇಕ್ಸಿನ ಸಿಪ್ಪೆಯೂ ಬೀಜವೂ ಬೆಣ್ಣೆಯಿಂದ ಹೊರಗೆ ಚಾಚಿಕೊಂಡಿರುತ್ತವೆ, ಮೊದಲು ಸೀಯುವುದು ಅವೇ. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ, ಹೊರಮೈಗೆ ಕೆಂಪು ಚೆನ್ನಾಗಿ ಕೂರುತ್ತದೆ. ಫ್ಲೇಕ್ಸೇ ಬೇಕೆಂದರೆ ಚೀಸ್ ಜೊತೆ ಒಳಗೆ ಹಾಕಿ. ಬೇರೆ ಉಪ್ಪು ಬೇಡ, ಬೆಣ್ಣೆಯಲ್ಲೂ ಚೀಸಿನಲ್ಲೂ ಸಾಕಷ್ಟಿದೆ.

ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಇಲ್ಲಿ ಬಹಳ ಜನ ಎಡವುತ್ತಾರೆ. ಕರಗಿಸಿ ಹಚ್ಚಿದರೆ ಜಿಡ್ಡೆಲ್ಲ ಬ್ರೆಡ್ಡಿನೊಳಗೆ ಇಳಿದುಹೋಗಿ ಮಸಾಲೆ ಒಂದೇ ಮೇಲೆ ಒಣಗಿ ಉಳಿಯುತ್ತದೆ, ಉದುರಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸವೇ ಇರುವುದಿಲ್ಲ. ಬೆಂಗಳೂರಿನ ಹವೆಯಲ್ಲಿ ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟರೆ ಹದಕ್ಕೆ ಬರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಅಷ್ಟು ಹೊತ್ತು ಬಿಟ್ಟರೆ ಎಣ್ಣೆಯಾಗಿಬಿಡುತ್ತದೆ, ಐದು ನಿಮಿಷ ಸಾಕು. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಹರಿಯಬಾರದು. ಕಲಸಿದ ಮೇಲೆ ಹತ್ತು ನಿಮಿಷ ಬಿಡಿ, ಒಣ ಎಲೆ ಅಷ್ಟರಲ್ಲಿ ಮೆತ್ತಗಾಗುತ್ತದೆ. ಒಂದು ಸ್ಲೈಸಿನ ಹೊರಬದಿಗೆ 10 ಗ್ರಾಂ ಲೆಕ್ಕ. ಅಂಚಿನ ತನಕ ಸವರಿ, ಬಿಟ್ಟ ಜಾಗ ಬಿಳಿಚಿಕೊಂಡು ಒಣಗಿಯೇ ಉಳಿಯುತ್ತದೆ.

ಹಸಿ ಬೆಳ್ಳುಳ್ಳಿ ಜಜ್ಜಿ ಬೆಣ್ಣೆಗೆ ಸೇರಿಸಬೇಡಿ. ಅದರಲ್ಲಿರುವ ನೀರು ಬ್ರೆಡ್ಡನ್ನು ಮೆತ್ತಗೆ ಮಾಡುತ್ತದೆ, ಚೂರುಗಳು ಸೀದು ಕಹಿಯಾಗುತ್ತವೆ. ಆ ಘಮವೇ ಬೇಕಿದ್ದರೆ ಒಂದು ಎಸಳನ್ನು ಅಡ್ಡಕ್ಕೆ ಕತ್ತರಿಸಿ, ಬೆಂದು ಗರಿಯಾದ ಸ್ಯಾಂಡ್‌ವಿಚ್ ಮೇಲೆ ಬಿಸಿಯಿರುವಾಗಲೇ ಎರಡು ಸಲ ಉಜ್ಜಿ.

ಚಟ್ನಿಪುಡಿ ಹಚ್ಚಬಹುದೇ ಅಂತಲೂ ಕೇಳಿದ್ದೀರಿ. ಧಾರಾಳವಾಗಿ. ಆದರೆ ಯಾವ ಚಟ್ನಿಪುಡಿ ಅನ್ನುವುದು ಮುಖ್ಯ. ನಮ್ಮ ಕಡೆಯ ಎಷ್ಟೋ ಚಟ್ನಿಪುಡಿಗಳಿಗೆ ಬೆಲ್ಲ ಬೀಳುತ್ತದೆ. ಬೆಲ್ಲ ಬೇಗ ಕರಗಿ ಬೇಗ ಕಪ್ಪಾಗುವ ವಸ್ತು, ಹೊರಮೈಗೆ ಹಚ್ಚಿದರೆ ಕಲೆಕಲೆಯಾಗಿ ಸೀಯುತ್ತದೆ. ಬೆಲ್ಲವಿಲ್ಲದ ಶೇಂಗಾ ಪುಡಿಯೋ ಪುಟಾಣಿ ಪುಡಿಯೋ ಆದರೆ 40 ಗ್ರಾಂ ಬೆಣ್ಣೆಗೆ ಎರಡು ಟೀ ಚಮಚ ಕಲಸಿ. ಬೆಲ್ಲ ಇರುವ ಪುಡಿಯನ್ನು ಒಳಬದಿಗೆ ಹಾಕಿ.

ಬ್ರೆಡ್ಡಿನ ವಿಷಯದಲ್ಲೂ ಇದೇ ಮಾತು. ಬೇಕರಿಯ ಸಿಹಿ ಬ್ರೆಡ್ಡಿನಲ್ಲಿ ಸಕ್ಕರೆ ಜಾಸ್ತಿ, ಚೀಸ್ ಕರಗುವ ಮುಂಚೆಯೇ ಹೊರಗೆ ಕಪ್ಪಾಗುತ್ತದೆ. ಸಿಹಿಯಿಲ್ಲದ ಬ್ರೆಡ್, ಒಂದು ದಿನ ಹಳೆಯದಾದರೆ ಇನ್ನೂ ಒಳ್ಳೆಯದು, ಒಂದರಿಂದ ಒಂದೂವರೆ ಸೆಂಟಿಮೀಟರ್ ದಪ್ಪ.

ಚೀಸನ್ನು ಒಂದು ಸ್ಯಾಂಡ್‌ವಿಚ್‌ಗೆ 50ರಿಂದ 60 ಗ್ರಾಂ ಇಟ್ಟುಕೊಳ್ಳಿ, ಅರ್ಧ ಪ್ರೊಸೆಸ್ಡ್ ಚೀಸ್, ಅರ್ಧ ಮೊಝರೆಲ್ಲಾ. ಅಮೂಲ್, ನಂದಿನಿ ಮುಂತಾದವರು ಮಾರುವ ಪ್ರೊಸೆಸ್ಡ್ ಚೀಸಿನಲ್ಲಿ ಸಿಟ್ರೇಟ್, ಫಾಸ್ಫೇಟ್ ಥರದ ಲವಣಗಳಿರುತ್ತವೆ. ಕಾಯಿಸಿದಾಗ ಕೊಬ್ಬು ಬೇರ್ಪಡದಂತೆ ಅವು ಹಿಡಿದಿಡುತ್ತವೆ, ಅದಕ್ಕೇ ಅದು ನಯವಾಗಿ ಕರಗುತ್ತದೆ. ಎಳೆ ಎಳೆಯಾಗಿ ಬರುವ ಗುಣ ಮೊಝರೆಲ್ಲಾದ್ದು, ಆದರೆ ಒಂದನ್ನೇ ಹಾಕಿದರೆ ಸಪ್ಪೆ. ಹಳೆಯ ಚೆಡ್ಡರ್‌ಗೆ ರುಚಿ ಬಹಳ, ಒಂದನ್ನೇ ಹಾಕಿದರೆ ಎಣ್ಣೆ ಬಿಡುತ್ತದೆ. ಪನೀರ್ ಹಾಕಿದರೆ ಎಷ್ಟು ಕಾಯಿಸಿದರೂ ಕರಗುವುದಿಲ್ಲ, ಹುಳಿ ಹಿಂಡಿ ಒಡೆಸಿದ ಹಾಲಿನ ಗುಣವೇ ಅದು. ಚೀಸನ್ನು ತುರಿದೇ ಹಾಕಿ, ಅಡುಗೆಗೆ ಕಾಲು ಗಂಟೆ ಮುಂಚೆ ಫ್ರಿಜ್ಜಿನಿಂದ ತೆಗೆದಿಡಿ. ತಣ್ಣನೆಯ ದಪ್ಪ ತುಂಡು ಕರಗುವ ಹೊತ್ತಿಗೆ ಬ್ರೆಡ್ಡಿನ ಕಥೆ ಮುಗಿದಿರುತ್ತದೆ.

ಇನ್ನು ತವಾ. ಹೆಸರಿನಲ್ಲಿ ಗ್ರಿಲ್ ಇದ್ದರೂ ಅಮೆರಿಕದವರು ಇದನ್ನು ಮಾಡುವುದು ಬಾಣಲಿಯಲ್ಲೋ ಸಪಾಟಾದ ಕಾವಲಿಯ ಮೇಲೋ. ಹಾಗಾಗಿ ಗ್ರಿಲ್ ಯಂತ್ರ ಬೇಕಿಲ್ಲ. ನಾನ್‌ಸ್ಟಿಕ್ ಆದೀತು, ಚಪಾತಿ ತವಾ ಆದೀತು. ಪಳಗಿಸಿಟ್ಟ ಕಬ್ಬಿಣದ ದೋಸೆ ಹೆಂಚನ್ನು ಮಾತ್ರ ಮುಟ್ಟಬೇಡಿ. ಸೋರಿದ ಚೀಸ್ ಅದಕ್ಕೆ ಅಂಟಿ ಕೂತರೆ ಕೆರೆದು ತೆಗೆಯಬೇಕಾಗುತ್ತದೆ, ಹೆಂಚಿನ ಹದ ಕೆಟ್ಟು ಮರುದಿನ ದೋಸೆ ಏಳುವುದಿಲ್ಲ.

ದೋಸೆಗೆ ಕಾಯಿಸುವಷ್ಟು ಕಾಯಿಸಿದರೆ ಕೆಲಸ ಕೆಟ್ಟಿತು. ನೀರು ಚಿಮುಕಿಸಿದರೆ ಹನಿ ಸಿಡಿದು ಓಡಬಾರದು, ಇದ್ದಲ್ಲೇ ಗುಳ್ಳೆಯೆದ್ದು ಮೂರು ನಾಲ್ಕು ಸೆಕೆಂಡಿನಲ್ಲಿ ಆರಬೇಕು. ಚಿಕ್ಕ ಒಲೆ, ಸಣ್ಣ ಉರಿ, ಎರಡು ಮೂರು ನಿಮಿಷ. ತವಾಕ್ಕೆ ಬೇರೆ ಜಿಡ್ಡು ಹಾಕಬೇಡಿ. ಒಂದು ಸ್ಲೈಸನ್ನು ಬೆಣ್ಣೆ ಬದಿ ಕೆಳಗೆ ಮಾಡಿ ಇಟ್ಟು, ಚೀಸ್ ತುರಿಯನ್ನು ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ ಹರಡಿ, ಇನ್ನೊಂದನ್ನು ಬೆಣ್ಣೆ ಬದಿ ಮೇಲಾಗಿ ಮುಚ್ಚಿ.

ಈಗ ಕಿವಿಗೊಡಿ. ಮೊದಲು ಸಣ್ಣಗೆ ಚುರುಚುರು ಸದ್ದು ಬರುತ್ತದೆ. ಬೆಣ್ಣೆಯಲ್ಲಿ ಸುಮಾರು 16 ಶೇಕಡಾ ನೀರಿರುತ್ತದೆ, ಅದು ಕುದಿದು ಹೋಗುವ ಸದ್ದು. ನೀರು ಇರುವ ತನಕ ಬ್ರೆಡ್ ಕೆಂಪಾಗುವುದಿಲ್ಲ. ಸದ್ದು ಇಳಿಯಿತೆಂದರೆ ಹೊರಮೈ ಹುರಿಯಲು ಶುರುವಾಯಿತು, ಅಲ್ಲಿಂದ ಮುಂದೆ ಅತ್ತಿತ್ತ ಹೋಗಬೇಡಿ. ಇಟ್ಟ ತಕ್ಷಣ ಜೋರಾಗಿ ಚರ್ರ್ ಎಂದರೆ ಉರಿ ಹೆಚ್ಚಾಗಿದೆ, ತವಾವನ್ನು ಒಲೆಯಿಂದ ಅರ್ಧ ನಿಮಿಷ ಎತ್ತಿ ಹಿಡಿಯಿರಿ.

ಮೊದಲ ಎರಡು ನಿಮಿಷ ಮುಚ್ಚಳ ಮುಚ್ಚಿ, ಒಳಗಿನ ಚೀಸ್ ಮೆತ್ತಗಾಗುವುದು ಆಗಲೇ. ಆಮೇಲೆ ತೆಗೆದುಬಿಡಿ, ಮುಚ್ಚಿಯೇ ಇಟ್ಟರೆ ಹಬೆಗೆ ಗರಿ ಹೋಗುತ್ತದೆ. ಸಣ್ಣ ಒಲೆಯ ಶಾಖ ನಡುಮಧ್ಯಕ್ಕೇ ಬೀಳುವುದರಿಂದ ನಿಮಿಷಕ್ಕೊಮ್ಮೆ ಸ್ಯಾಂಡ್‌ವಿಚ್ಚನ್ನು ಕಾಲು ಸುತ್ತು ತಿರುಗಿಸಿ. ನಾಲ್ಕು ನಿಮಿಷಕ್ಕೆ ಸಟ್ಟುಗದಿಂದ ಒಂದು ಮೂಲೆ ಎತ್ತಿ ನೋಡಿ. ಇಟ್ಟಿಗೆಗೆಂಪು ಕಂಡರೆ ಮಗುಚಿ, ಹಳದಿ ಕಂಡರೆ ಇನ್ನೊಂದು ನಿಮಿಷ. ಎರಡನೇ ಬದಿಗೆ ಎರಡೂವರೆಯಿಂದ ಮೂರು ನಿಮಿಷ ಸಾಕು, ತವಾ ಅಷ್ಟರಲ್ಲಿ ಇನ್ನಷ್ಟು ಕಾದಿರುತ್ತದೆ. ಸಟ್ಟುಗದಿಂದ ಬಲವಾಗಿ ಅದುಮಬೇಡಿ. ಬ್ರೆಡ್ ತವಾಕ್ಕೆ ತಾಗಿ ಕೂರುವಷ್ಟು ಹಗುರವಾಗಿ ಒತ್ತಿದರೆ ಆಯಿತು, ಅದಕ್ಕಿಂತ ಹೆಚ್ಚಾದರೆ ಚೀಸ್ ಅಂಚಿನಿಂದ ಹೊರಗೆ ಬರುತ್ತದೆ.

ಇಷ್ಟಾದ ಮೇಲೂ ಹೊರಗೆ ಸರಿಯಾಗಿ, ಒಳಗೆ ಚೀಸ್ ಗಟ್ಟಿಯಾಗಿದ್ದರೆ ಒಲೆ ಆರಿಸಿ, ಮುಚ್ಚಳ ಮುಚ್ಚಿ ಒಂದು ನಿಮಿಷ ಬಿಡಿ. ಉಳಿದ ಶಾಖಕ್ಕೇ ಕರಗುತ್ತದೆ. ಆಮೇಲೆ ಮುಚ್ಚಳ ತೆಗೆದು ಎರಡೂ ಬದಿ ಅರ್ಧರ್ಧ ನಿಮಿಷ ಮತ್ತೆ ಗರಿಮಾಡಿಕೊಳ್ಳಿ.

ಹೋಟೆಲಿನಲ್ಲಿ ಹೊರಗೆ ಚೀಸೇ ಗರಿಯಾಗಿ ಹಿಡಿದಿರುವುದನ್ನು ತಿಂದಿದ್ದೀರಾದರೆ ಅದನ್ನೂ ಮನೆಯಲ್ಲಿ ಮಾಡಬಹುದು. ಮಸಾಲೆ ಬೆಣ್ಣೆ ಹಚ್ಚಿದ ಬದಿಯನ್ನು ಸಣ್ಣಗೆ ತುರಿದ ಪಾರ್ಮೆಸಾನ್ ಮೇಲೆ ಒತ್ತಿ ತೆಗೆಯಿರಿ, ಬದಿಗೆ ಒಂದು ಟೇಬಲ್ ಚಮಚ ಹಿಡಿದರೆ ಸಾಕು. ಪಾರ್ಮೆಸಾನ್ ಗಟ್ಟಿ, ನೀರಿನಂಶ ಕಡಿಮೆ, ಹಾಗಾಗಿ ಹಪ್ಪಳದಂತೆ ಗರಿಯಾಗುತ್ತದೆ. ಮೊಝರೆಲ್ಲಾದಲ್ಲಿ ಅರ್ಧದಷ್ಟು ನೀರೇ, ಅದರಿಂದ ಈ ಗರಿ ಬಾರದು. ಇದಕ್ಕೆ ನಾನ್‌ಸ್ಟಿಕ್ಕೇ ಆಗಬೇಕು, ಬೆಣ್ಣೆಯೂ ಉಪ್ಪಿಲ್ಲದ್ದು. ಮಗುಚಲು ಹೋದಾಗ ಅಂಟಿದರೆ ಎಳೆಯಬೇಡಿ, ಅದು ಇನ್ನೂ ಆಗಿಲ್ಲ ಎಂದರ್ಥ. ಗರಿಯಾದ ಮೇಲೆ ತಾನಾಗಿ ಬಿಡುತ್ತದೆ. ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ: ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಪೊಟ್ಟಣದ ಮೇಲೆ ಹಸಿರು ಗುರುತು ನೋಡಿಯೇ ತನ್ನಿ.

ತವಾದಿಂದ ಇಳಿಸಿದ್ದನ್ನು ನೇರ ಸ್ಟೀಲ್ ತಟ್ಟೆಗೆ ಹಾಕಿದರೆ ಕೆಳಬದಿ ಬೆವರಿ ಐದೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ಜಾಲರಿಯ ಮೇಲಿಡಿ, ಇಲ್ಲದಿದ್ದರೆ ಎರಡು ಸ್ಯಾಂಡ್‌ವಿಚ್ಚನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ಒಂದು ನಿಮಿಷ ಕಳೆದ ಮೇಲೆ ಗರಗಸದಂಥ ಅಲಗಿನ ಬ್ರೆಡ್ ಚಾಕುವಿನಿಂದ, ಒತ್ತದೆ, ಹಿಂದೆ ಮುಂದೆ ಎಳೆದು ಕತ್ತರಿಸಿ.