8×4 ಪ್ಲೈಯೊಳಗ ಓರೆ ಪಟ್ಟಿ: ಕರ್ಣದ ಕೋನಕ್ಕ ತಿರುಗಿಸಬ್ಯಾಡ್ರಿ

ಅಣ್ಣಾರ, 2440×1220 ಮಿಮೀ (8×4 ಫೂಟ್) ಪ್ಲೈದಾಗ 2500 ಉದ್ದ, 300 ಅಗಲದ ಶೆಲ್ಫ್ ಪಟ್ಟಿ ಓರೆ ಇಟ್ಟು ತಗೀಬೇಕು, ಕರ್ಣ 2728 ಬರ್ತೈತಿ, ಆದ್ರೂ ಯಾಕ ಕುಂದ್ರವಲ್ದು ಅಂತ ಕೇಳೀರಿ. ಸ್ಕ್ರೀನ್‌ಶಾಟ್‌ನ್ಯಾಗ ಪಟ್ಟೀನ 26.57 ಡಿಗ್ರಿಗೆ ತಿರುಗಿಸೀರಿ. ಅದು ಶೀಟಿನ ಕರ್ಣದ ಕೋನ. ಈ ಗುಂಪಿನ್ಯಾಗ ಎಲ್ಲಾರೂ ಎಡವೂದು ಇಲ್ಲೇ.

ಕರ್ಣದ ಕೋನ ಅಗಲ ಇಲ್ಲದ ಗೆರಿಗೆ ಮಾತ್ರ ಬರೋಬ್ಬರಿ. 300 ಅಗಲ ಕೊಟ್ರ ಆ ಕೋನದಾಗ 2128ಕ್ಕಿಂತ ಉದ್ದ ಹಿಡಿಯೂದಿಲ್ಲ. ನೆಟ್ಟಗ ಇಟ್ರನ 2440 ಸಿಗ್ತಿತ್ತು! ಪಟ್ಟಿ ಮ್ಯಾಲ-ಕೆಳಗ ತಗಲ್ತೈತಿ, ಎಡಕ್ಕ 201, ಬಲಕ್ಕ 201 ಖಾಲಿ ಉಳೀತೈತಿ. ನಾಲ್ಕೂ ಮೂಲಿ ನಾಲ್ಕೂ ಅಂಚಿಗೆ ಮುಟ್ಟೂ ಕೋನ 22.03 ಡಿಗ್ರಿ, ಆಗ ಉದ್ದ 2511.

ಕಂಪ್ಯೂಟರ್‌ನ್ಯಾಗ ಡ್ರಾಯಿಂಗ್ ಎಳಿಯೂ ಫ್ರೀಕ್ಯಾಡ್ ಸ್ಕೆಚರ್ ಇದ್ರ ಲೆಕ್ಕ ಬ್ಯಾಡ. ಒಳಗಿನ ಆಯತ ಎಳದ ಕೂಡ್ಲೆ ಅದು ತಾನ ಹಾಕಿದ ಹಾರಿಜಾಂಟಲ್ (ಅಡ್ಡ), ವರ್ಟಿಕಲ್ (ಉದ್ದ) ನಿರ್ಬಂಧ, ಅಂದ್ರ ಗೆರಿ ಹಿಂಗ ಇರಬೇಕು ಅನ್ನೂ ಕಟ್ಟು, ಎಲ್ಲಾ ಅಳಸ್ರಿ. ಅವು ಉಳದ್ರ ಪಟ್ಟಿ ಓರೆ ತಿರುಗೂದಿಲ್ಲ. ಆಮ್ಯಾಲೆ ಮೂರು ಮೂಲಿಗೆ ಪರ್ಪೆಂಡಿಕ್ಯುಲರ್ (ಲಂಬಕೋನ), ನಾಲ್ಕೂ ತುದಿಗೆ ಒಂದೊಂದು ಅಂಚಿನ ಜೋಡಿ ಪಾಯಿಂಟ್-ಆನ್-ಆಬ್ಜೆಕ್ಟ್ (ಬಿಂದು ಗೆರಿ ಮ್ಯಾಲೆ ಇರಬೇಕು ಅನ್ನೂದು), ಸಣ್ಣ ಬಾಜೂಕ 300. ಹೊರಗಿನ ಆಯತ (ಶೀಟ್) ಮೊದಲ ಕಟ್ಟಿಟ್ಟಿದ್ರ ಸ್ಕೆಚ್ ಹಸರ ಆಗ್ತೈತಿ, ಅಂದ್ರ ಯಾವ ಗೆರೀನೂ ಅಳ್ಳಾಡದಂಗ ಪೂರ್ತಿ ನಿಂತೈತಿ. ಆದ್ರ ಪಾಯಿಂಟ್-ಆನ್-ಆಬ್ಜೆಕ್ಟ್ ನಿರ್ಬಂಧ ಗೆರಿ ಮುಗದ ಮ್ಯಾಲೂ ಮುಂದಿನ ಕಾಣದ ಗೆರಿ ಮ್ಯಾಲೆ ಬಿಂದು ಕುಂದರಸ್ತೈತಿ. ಅದಕ್ಕ ಮೊದಲ ಪಟ್ಟೀನ ಕೈಲೆ ಎಳದು ಸುಮಾರು 20 ಡಿಗ್ರಿ ಓರೆ ಮಾಡಿ ಇಡ್ರಿ. ಇಲ್ಲಾಂದ್ರ ಮೂಲಿ ಶೀಟಿನ ಹೊರಗ ಹೋಗಿ ಕುಂತು, ಹಸರ ಬಣ್ಣಾನೂ ತೋರಸ್ತೈತಿ.

ಲಿಬ್ರೆಕ್ಯಾಡ್ ಅನ್ನೂ ಇನ್ನೊಂದು ಡ್ರಾಯಿಂಗ್ ಸಾಫ್ಟ್‌ವೇರ್‌ನ್ಯಾಗ ಇಂಥ ನಿರ್ಬಂಧ ಇಲ್ಲ. ಅಲ್ಲೆ ವೃತ್ತದ ಹಾದಿ ಹಿಡೀರಿ. ನನ್ನ ಕೇಳಿದ್ರ ಎಲ್ಲಾ ಸಾಫ್ಟ್‌ವೇರ್‌ದಾಗೂ ಇದನ್ನ ಮೊದಲ ಕಲೀಬೇಕು, ಯಾಕಂದ್ರ ಇದರಾಗ ಏನ ನಡದೈತಿ ಅಂತ ಕಣ್ಣಿಗೆ ಕಾಣ್ತೈತಿ. ಶೀಟಿನ ನಡುಬಿಂದುವಿನಿಂದ ವೃತ್ತ ಎಳೀರಿ. ಅದು ಒಂದೊಂದು ಅಂಚನ್ನ ಎರಡೆರಡು ಕಡೆ ಕಡೀತೈತಿ, ಒಟ್ಟು ಎಂಟು ಬಿಂದು. ಎಡಗಡೆ ಅಂಚಿನ ಕೆಳಗಿಂದು, ಕೆಳಗಿನ ಅಂಚಿನ ಎಡಗಡೇದು, ಬಲಗಡೆ ಅಂಚಿನ ಮ್ಯಾಲಿಂದು, ಮ್ಯಾಲಿನ ಅಂಚಿನ ಬಲಗಡೇದು, ಈ ನಾಕೂ ಜೋಡಿಸಿದ್ರ ಆಯತಾನ ಬರ್ತೈತಿ, ಮೂಲಿಮಟ್ಟ ಹಿಡಿಯೂದ ಬ್ಯಾಡ. ಉಳಿದ ನಾಕು ಅದರ ಕನ್ನಡಿ ಪಟ್ಟಿ. ಇನ್ನ ಅಗಲ ಅಷ್ಟ ಹೊಂದಸಬೇಕು. ತ್ರಿಜ್ಯ 1260 ಕೊಟ್ರ ಅಗಲ 317.6, 1265 ಕೊಟ್ರ 297.4. ಅಂದ್ರ 5 ಮಿಮೀ ತ್ರಿಜ್ಯಕ್ಕ 20.2 ಅಗಲ ಇಳೀತು, ನಮಗ ಇಳೀಬೇಕಾದ್ದು 17.6. ತ್ರೈರಾಶಿ ಹಾಕ್ರಿ, 1264.36. ಆ ವೃತ್ತ ಎಳದು ಅಳದ್ರ 300 ಬರ್ತೈತಿ. ತ್ರಿಜ್ಯ ಹೆಚ್ಚಾದ್ರ ಅಗಲ ಕಡಿಮಿ ಆಗ್ತೈತಿ, ತಿರುವುಮುರುವು ಮಾಡಬ್ಯಾಡ್ರಿ.

ಶೀಟಿನ ಮ್ಯಾಲೆ ಗುರುತು ಹಾಕೂ ಮುಂದ ಕೋನಮಾಪಕ ಹಿಡೀಬ್ಯಾಡ್ರಿ. 0.1 ಡಿಗ್ರಿ ತಪ್ಪಿದ್ರ ಆ ತುದಿಗೆ 4 ಮಿಮೀಗಿಂತ ಹೆಚ್ಚು ಸರೀತೈತಿ. ಎಡ-ಕೆಳಗಿನ ಮೂಲಿಯಿಂದ ಮ್ಯಾಲಕ್ಕ 278, ಬಲಕ್ಕ 112.5. ಎದುರಿನ ಮೂಲಿಯಿಂದ ಕೆಳಕ್ಕ 278, ಎಡಕ್ಕ 112.5. ಟೇಪಿನ ಅಳತಿ ಸಾಕು.

ಈಗ ಖರೇ ಮಾತು ಕೇಳ್ರಿ. 2511 ಬಂತು, ನನಗ ಬೇಕಾದ್ದು 2500, ಗೆದ್ದೆ ಅಂತ ಕೊಯ್ಯಾಕ ಹೋಗಬ್ಯಾಡ್ರಿ. ಪ್ಲೈ ಅಂಚು ಜಜ್ಜಿರ್ತಾವು, ಪದರ ಬಿಟ್ಟಿರ್ತಾವು. ನಾಲ್ಕೂ ಕಡೆ 10 ಮಿಮೀ ತಗದ್ರ 2420×1200 ಉಳೀತೈತಿ, ಅದರಾಗ 300 ಅಗಲದ್ದು 2486 ಅಷ್ಟ ಕೂಡತೈತಿ. ಅಂದ್ರ ನಿಮ್ಮ ಪಟ್ಟಿ ಬರೂದಿಲ್ಲ. ಮೂಲಿ ಅಂಚಿಗೆ ಮುಟ್ಟಿಸಿದ ಡ್ರಾಯಿಂಗ್ ರೌಟರ್‌ಗೆ (ಕೊಯ್ಯೂ ಮಷಿನ್‌ಗೆ) ಕೊಟ್ರ ಅದರ 6 ಮಿಮೀ ಬಿಟ್ ಶೀಟಿನ ಹೊರಗ ಇಳೀತೈತಿ, ಅಲ್ಲೆ ಕ್ಲ್ಯಾಂಪ್ ಇದ್ರ ಬಿಟ್ ಮುರೀತೈತಿ.

ಇನ್ನೊಂದು, ಮ್ಯಾಲಿನ ಪದರದ ಕಟ್ಟಿಗಿ ಎಳಿ 8 ಫೂಟಿನ ಉದ್ದಕ್ಕ ಇರೂ ಶೀಟಿನ್ಯಾಗ ಪಟ್ಟಿ 22 ಡಿಗ್ರಿ ಓರೆ ಕೊಯ್ದ್ರ ಎಳೀನೂ ಓರೆ. ಶೆಲ್ಫಿನ ಮ್ಯಾಲೆ ಭಾರ ಬಿದ್ದಾಗ ಹೆಚ್ಚು ಜೋಲ್ತೈತಿ, ವೆನಿಯರ್ (ಮ್ಯಾಲೆ ಅಂಟಿಸಿದ ತೆಳ್ಳನ ಕಟ್ಟಿಗಿ ಪದರ) ಇದ್ರ ನೋಡಾಕೂ ಚಂದ ಕಾಣೂದಿಲ್ಲ. ಮ್ಯಾಲಾಗಿ ಒಂದ ಪಟ್ಟಿಗೆ ಇಡೀ ಶೀಟ್ ಹೋತು. ನೆಟ್ಟಗ ಕೊಯ್ದ್ರ 4 ಮಿಮೀ ಬ್ಲೇಡ್ ಹಿಡದ್ರೂ 300 ರ ನಾಕು ಪಟ್ಟಿ 1212ರಾಗ ಮುಗೀತಾವು, ಅಂಚು ಚಲೋ ಇರಬೇಕಷ್ಟ. ಅದರಾಗ ಎರಡು ತಗೊಂಡು ಸ್ಕಾರ್ಫ್ ಜೋಡಣಿ ಮಾಡ್ರಿ, ಅಂದ್ರ ಎರಡೂ ತುದಿ ಇಳಿಜಾರ ಕೊಯ್ದು ಒಂದರ ಮ್ಯಾಲೊಂದು ಅಂಟಿಸೂದು. ದಪ್ಪದ ಎಂಟು ಪಟ್ಟು ಇಳಿಜಾರ, 18 ಮಿಮೀ ಪ್ಲೈಗೆ 144. ಅಂಟು ಹಚ್ಚಿದ ಮ್ಯಾಲೆ ರಾತ್ರಿಯಿಡೀ ಕ್ಲ್ಯಾಂಪ್ ಬಿಚ್ಚಬ್ಯಾಡ್ರಿ, ಜೋಡಣಿ ಕೆಳಗ ಒಂದು ಬ್ರ್ಯಾಕೆಟ್ ಬರೂಹಂಗ ನೋಡ್ಕೋರಿ.

ಉಕ್ಕಿನ ಶೀಟ್ ಆಗಿದ್ರ ಓರೆ ಕೊಯ್ಯೂದಕ್ಕ ನನ್ನ ತಕರಾರಿಲ್ಲ. ಆದ್ರ ಅದು ಬಾಳ ಸಲ 2500×1250 ಇರ್ತೈತಿ, ಮ್ಯಾಲಿನ ಅಂಕಿ ಹಂಗ ಎತ್ತಿ ಹಾಕಬ್ಯಾಡ್ರಿ, ವೃತ್ತ ಹೊಸಾದಾಗಿ ಎಳೀರಿ. ಹುಬ್ಬಳ್ಳಿಗೆ ಕೊಯ್ಯಾಕ ಫೈಲ್ ಕಳಸೂ ಮೊದಲ ಡಿಎಕ್ಸ್‌ಎಫ್ (ಡ್ರಾಯಿಂಗ್ ಫೈಲ್) ತಿರುಗಿ ತಗದು ಒಂದು ಬಾಜೂ ಅಳೀರಿ. ಯುನಿಟ್ ಇಂಚಿಗೆ ಬಿದ್ದಿದ್ರ ಎಲ್ಲಾ ಅಳತಿ 25.4 ಪಟ್ಟು ತಪ್ಪಿರ್ತೈತಿ.