ದಿನಕ್ಕೆ 80 ರೋಗಿಗಳನ್ನು ಬೇಗ ನೋಡಿ ಮುಗಿಸುವುದು ಹೇಗೆ?

ಎಂಬಿಬಿಎಸ್ ಮುಗಿಸಿ ಸಣ್ಣ ಊರಿನಲ್ಲಿ ಕ್ಲಿನಿಕ್ ತೆರೆದಿದ್ದೀರಿ, ಸಂಜೆ ಬೆಂಚು ತುಂಬಿ ಜನ ಮೆಟ್ಟಿಲ ಮೇಲೆ ಕೂರುತ್ತಾರೆ, ನಿಮಗೆ ವೇಗ ಸಾಲುತ್ತಿಲ್ಲ. ಇಷ್ಟೇ ತಾನೆ? ನನಗೆ ಆ ವೇಗ ಇತ್ತು. ಅದರ ಕಥೆ ಕೇಳಿ.

ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಸಂತೆಯ ದಿನ ಉಸಿರಾಡಲು ಬಿಡುವಿರುವುದಿಲ್ಲ. ಜ್ವರ, ಭೇದಿ, ಮಂಡಿ ನೋವು, ಜೊತೆಗೆ "ಸುಸ್ತು, ಒಂದು ಗ್ಲುಕೋಸ್ ಹಾಕಿಬಿಡಿ" ಎನ್ನುವವರು. (500 ಮಿಲಿ ಬಾಟಲಿಯಲ್ಲಿರುವುದು ಬರೀ 25 ಗ್ರಾಂ ಸಕ್ಕರೆ, ಮನೆಯಲ್ಲಿ ಒಂದು ಲೋಟ ಪಾನಕ ಕುಡಿಯಿರಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.) ಇವರ ನಡುವೆ, ರೋಗಿಯನ್ನು ಮನೆಯಲ್ಲಿ ಬಿಟ್ಟು ಹಳೆಯ ಚೀಟಿಯನ್ನು ಮಾತ್ರ ಹಿಡಿದು ಬರುವವರೂ ಇರುತ್ತಾರೆ. ಅವರನ್ನು ಕಂಡರೆ ನನಗೆ ಒಳಗೊಳಗೇ ಖುಷಿ. ಅರ್ಧ ನಿಮಿಷದ ಕೆಲಸ!

ಅಂಥ ಒಂದು ಸಂಜೆ ಒಬ್ಬರು ನಾಲ್ಕು ಮಡಿಕೆ ಮಾಡಿದ, ಅಂಚಿಗೆ ಅರಿಸಿನ ಮೆತ್ತಿದ ಚೀಟಿ ಚಾಚಿದರು. "ಅಮ್ಮನಿಗೆ ಮಂಡಿ ನೋವು, ಬಸ್ ಹತ್ತಲು ಆಗುವುದಿಲ್ಲ. ಅದೇ ಮಾತ್ರೆಗಳನ್ನು ಮೂರು ತಿಂಗಳಿಗೆ ಬರೆದುಕೊಡಿ ಡಾಕ್ಟರೇ." ಸಕ್ಕರೆ ಕಾಯಿಲೆಯ ಮಾತ್ರೆಗಳು: ಮೆಟ್‌ಫಾರ್ಮಿನ್, ಗ್ಲೈಮಿಪಿರೈಡ್. ತಲೆ ಎತ್ತದೆ ಬರೆದುಕೊಟ್ಟೆ.

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಚೀಟಿಯನ್ನು ಯಾರಿಗೆ ತೋರಿಸಿದರೂ ಅದರಲ್ಲಿ ತಪ್ಪು ಸಿಗುವುದಿಲ್ಲ. ಎರಡು ವರ್ಷದ ಹಿಂದೆ ಪರೀಕ್ಷೆ ಮಾಡಿಸಿ ಬರೆದವನು ನಾನೇ. ಆಗ ಅಜ್ಜಿಗೆ ಅದು ಸರಿಯಾಗಿಯೇ ಇತ್ತು. ಆಮೇಲೆ ಅವರು ಮಂಡಿ ನೋವಿಗೆಂದು ಔಷಧಿ ಅಂಗಡಿಯಿಂದ ಡೈಕ್ಲೊಫೆನಾಕ್ ತರಿಸಿ ತಿಂಗಳುಗಟ್ಟಲೆ ನುಂಗಿದ್ದರು. ಮೂತ್ರಪಿಂಡ ಸೊರಗಿತ್ತು. ಊಟ ಅರ್ಧ ಮುದ್ದೆಗೆ ಇಳಿದಿತ್ತು. ಗ್ಲೈಮಿಪಿರೈಡ್ ಮಾತ್ರೆಗೆ ನೀವು ಉಂಡಿರೋ ಇಲ್ಲವೋ ಎಂಬ ಪರಿವೆ ಇಲ್ಲ; ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಮೂತ್ರಪಿಂಡ ಕುಂದಿದವರ ಮೈಯಿಂದ ಅದು ಬೇಗ ಹೊರಗೂ ಹೋಗುವುದಿಲ್ಲ. ಅಮ್ಮ ಈಗ ಎಷ್ಟು ಊಟ ಮಾಡುತ್ತಾರೆ? ನೋವಿಗೆ ಏನು ನುಂಗುತ್ತಾರೆ? ಎರಡೇ ಪ್ರಶ್ನೆ. ಉತ್ತರ ಗೊತ್ತಿದ್ದ ಮಗ ನನ್ನ ಮೇಜಿನ ಮುಂದೆಯೇ ನಿಂತಿದ್ದರು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಎಂಬ ಒಂದು ರಕ್ತ ಪರೀಕ್ಷೆ ಬರೆದಿದ್ದರೂ ತೊಂದರೆ ಸಿಕ್ಕಿಬೀಳುತ್ತಿತ್ತು. ನಾನು ನೋಡಿದ್ದು ಅವರ ಹಿಂದಿದ್ದ ಸಾಲನ್ನು.

ಹನ್ನೊಂದನೆಯ ದಿನ ಬೆಳಗಿನ ಜಾವ ಆಟೊದಲ್ಲಿ ಅಜ್ಜಿಯನ್ನು ತಂದರು. ಸೀರೆ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ಲಕ್ವ ಹೊಡೆದಿದೆ ಎಂದು ನೆರೆಯವರು ಹೇಳಿ ಒಂದು ಗಂಟೆ ಹಾಳಾಗಿತ್ತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿತ್ತು, ಬರೀ 31. ನರಕ್ಕೆ ಡೆಕ್ಸ್‌ಟ್ರೋಸ್ (ಗ್ಲುಕೋಸ್) ಹೋದ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ಹಸುವಿಗೆ ಹುಲ್ಲು ಹಾಕಿದಿರಾ?" ಎಂದರು. ಎಲ್ಲರೂ ನಕ್ಕು ಮನೆಗೆ ಹೊರಟೇಬಿಟ್ಟರು. ನಾನು ಬಿಡಲಿಲ್ಲ; ಈ ಮಾತ್ರೆಯಿಂದ ಇಳಿದ ಸಕ್ಕರೆ ಮತ್ತೆ ಮತ್ತೆ ಇಳಿಯುತ್ತದೆ. ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಇನ್ನೂ ಎರಡು ಸಲ ಇಳಿಯಿತು. ಮೂರು ದಿನ ಅಲ್ಲಿದ್ದು ಬಂದರು, ಆದರೆ ಮೊದಲಿನ ಚುರುಕು ಬರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರಂತೆ. ಮಗ ಜಗಳವಾಡಲಿಲ್ಲ. ಬೇರೆ ಡಾಕ್ಟರ ಬಳಿ ಹೋಗುತ್ತಾರೆ, ಅಷ್ಟೇ. ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಟೋಕನ್ ಇಡಿ, ಬಿ.ಪಿ. ನೋಡಲು ಒಬ್ಬ ನರ್ಸ್ ಇಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. 80 ಜನರನ್ನು ನೋಡಲೇಬೇಕೆಂದು ನಿಮಗೆ ಹೇಳಿದವರು ಯಾರು? ನೆಗಡಿಯವರನ್ನು ಎರಡು ನಿಮಿಷದಲ್ಲಿ ಕಳುಹಿಸಿ, ಪರವಾಗಿಲ್ಲ. ಸಕ್ಕರೆ, ಬಿ.ಪಿ. ಇರುವ ವಯಸ್ಸಾದವರಿಗೆ ಬೆಳಗಿನ ಹೊತ್ತನ್ನೇ ಬೇರೆ ಇಡಿ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ತರಹೇಳಿ. ಬರೀ ಚೀಟಿ ಬಂದರೆ ಸಹಿ ಹಾಕಬೇಡಿ. ಸಿಟ್ಟಾಗಿ ಪಕ್ಕದ ಕ್ಲಿನಿಕ್‌ಗೆ ಹೋಗುತ್ತಾರೆ, ಹೋಗಲಿ. ನನ್ನ ಸಂಪಾದನೆ ಒಂದು ವರ್ಷ ಚೆನ್ನಾಗಿಯೇ ಇಳಿಯಿತು. ಕಾರಿನ ಕಂತು ಕಟ್ಟಲು ಹೆಂಡತಿಯ ಸಂಬಳಕ್ಕೆ ಕೈ ಹಾಕಿದೆ.

ಬರಲಾಗದವರ ಮನೆಗೆ ಭಾನುವಾರ ನಾನೇ ಹೋಗುತ್ತೇನೆ. ಮೊದಲು ಕೇಳುವುದು ಮಾತ್ರೆಯ ಡಬ್ಬಿಯನ್ನು. ಕಳೆದ ವಾರ ಒಬ್ಬ ತಾತನ ಬಿಸ್ಕತ್ತಿನ ಡಬ್ಬಿಯಲ್ಲಿ ಒಂದೇ ಮಾತ್ರೆ ಎರಡು ಕಂಪನಿಗಳ ಹೆಸರಿನಲ್ಲಿ ಸಿಕ್ಕಿತು. ಒಂದು ನಾನು ಬರೆದದ್ದು, ಇನ್ನೊಂದು ಬೇರೆಯವರು. ತಾತ ಎರಡನ್ನೂ ತಪ್ಪದೆ ನುಂಗುತ್ತಿದ್ದರು.