ಕಡಲಬದಿಯ ಚಪ್ಪರಕ್ಕೆ ಝಿಂಕ್-ನಿಕ್ಕಲ್ ಬೋಲ್ಟು ಆದೀತೇ?

ಕಾಸರಗೋಡಿನ ಕಡಲಬದಿಯಲ್ಲಿ ಶೀಟು ಚಪ್ಪರಕ್ಕೆ ಹಾಕಿದ ಸತು ಲೇಪದ ಬೋಲ್ಟು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯಿತು, ಝಿಂಕ್-ನಿಕ್ಕಲ್ (ಸತುವಿಗೆ ನಿಕ್ಕಲ್ ಬೆರೆಸಿದ ಲೇಪ) ತಡೆದೀತೇ ಎಂದು ಕೇಳಿದ್ದೀರಿ. ಎಷ್ಟೋ ಪಾಲು ಹೆಚ್ಚು ತಡೆಯುತ್ತದೆ. ಬರೀ ಸತು ಉಪ್ಪುಗಾಳಿಗೆ ಬೇಗ ಬಿಳಿ ಪುಡಿಯಾಗಿ ಉದುರುತ್ತದೆ. ಶೇ. 12–15 ನಿಕ್ಕಲ್ ಬೆರೆತರೆ ಸವೆತ ನಿಧಾನ, ಆದರೂ ಉಕ್ಕಿಗಿಂತ ಮೊದಲು ತಾನು ಸವೆಯುವ ಗುಣ ಉಳಿಯುತ್ತದೆ. ನಿಕ್ಕಲ್ ತೀರಾ ಜಾಸ್ತಿಯಾದರೆ ಆ ಗುಣವೇ ಹೋಗಿ, ಗೀರು ಬಿದ್ದಲ್ಲಿ ಉಕ್ಕೇ ತುಕ್ಕಿಗೆ ಆಹಾರ.

8–10 ಮೈಕ್ರಾನ್ ದಪ್ಪ, ಮೇಲೆ ಟ್ರೈವೇಲೆಂಟ್ ಕ್ರೋಮಿಯಂ ಪ್ಯಾಸಿವೇಶನ್ (ಲೇಪವನ್ನು ಕಾಯುವ ತೆಳು ಕ್ರೋಮಿಯಂ ಪದರ) ಕೇಳಿ. ನಟ್ಟು, ವಾಷರಿಗೂ ಅದೇ ಲೇಪ. 12.9 ದರ್ಜೆಯ, ಅಂದರೆ ತೀರಾ ಗಟ್ಟಿ ಉಕ್ಕಿನ ಬೋಲ್ಟಾದರೆ ಜಾಗ್ರತೆ: ಲೇಪದ ತೊಟ್ಟಿಯಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಹೊಕ್ಕರೆ, ಬಿಗಿದು ಒಂದೆರಡು ದಿನಕ್ಕೆ ತಲೆಯೇ ಹಾರಬಹುದು. ಆ ಹೈಡ್ರೋಜನ್ ಹೊರಹೋಗಲು ಲೇಪವಾದ 4 ಗಂಟೆಯೊಳಗೆ 190–220 ಡಿಗ್ರಿ ಸೆಲ್ಸಿಯಸ್ ಓವನ್‌ಗೆ ಹಾಕಬೇಕು, ಪ್ಯಾಸಿವೇಶನ್ ಆಮೇಲೆ.